ಸೀತಾಫಲದ ನಲವತ್ತೆಂಟು ತೊಳೆ

ನಮ್ಮೂರಿನಲ್ಲಿ ಹುಟ್ಟಿ ಬೆಳೆದ ಯಾರೂ ಒಂದು ಇಡೀ ಹಣ್ಣು ತಿಂದವರಲ್ಲ. ನಾನು ತಿಂದಿದ್ದೇನೆ, ಏಕೆಂದರೆ ನಾನು ಹೊರಗಿನಿಂದ ಬಂದವಳು. ಇಪ್ಪತ್ಮೂರನೆಯ ವಯಸ್ಸಿನಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಈ ಊರು ಸೇರಿದೆ. ಬಂದ ಮರುದಿನ ಬೆಳಿಗ್ಗೆ ಏಳು ಗಂಟೆಗೆ ನಮ್ಮತ್ತೆ ನನ್ನನ್ನು ಹಣ್ಣಿನ ಕಟ್ಟೆಗೆ ಕರೆದುಕೊಂಡು ಹೋಗಿ ಒಂದು ಮುತ್ತುಗದೆಲೆಯ ಮುಂದೆ ಕೂರಿಸಿದರು. ಎಲೆಯ ಮೇಲೆ ಎರಡು ಬೆರಳಗಲದ ಬಾಳೆಹಣ್ಣು, ಕಾಗದದಷ್ಟು ತೆಳ್ಳಗಿನ ಸೇಬಿನ ಸೀಳು, ಕಿತ್ತಳೆಯ ಅರ್ಧ ತೊಳೆ, ಸೀಬೆಯ ಒಂದು ಹೋಳು, ಕಡಲೆಬೇಳೆಯಷ್ಟು ಖರ್ಜೂರ.

"ಇದೇನು ಪ್ರಸಾದವಾ ಅತ್ತೆ?" ಎಂದೆ.

"ಅಲ್ಲಮ್ಮ, ಇಪ್ಪತ್ತಾರು ಮಿಲಿಗ್ರಾಂ," ಎಂದರು ಅತ್ತೆ. "ಮಾತಾಡದೆ ತಿನ್ನು. ಚೆಲ್ಲಬೇಡ."

ದೇಶದ ಆಹಾರದ ಪುಸ್ತಕ ವರ್ಷಕ್ಕೊಮ್ಮೆ ರಾಜಧಾನಿಯಿಂದ ಬರುತ್ತದೆ. ದಪ್ಪನೆಯ ಪುಸ್ತಕ. ಅದರಲ್ಲಿ ನೂರ ಹನ್ನೆರಡನೆಯ ಪುಟದಲ್ಲಿ, ಹಣ್ಣುಗಳಿಂದ ದೇಶದ ಪ್ರತಿಯೊಬ್ಬರಿಗೂ ದಿನಕ್ಕೆ ಸರಾಸರಿ ಎಷ್ಟು ಮೆಗ್ನೀಸಿಯಂ ಸಿಗುತ್ತದೆ ಎಂದು ಬರೆದಿರುತ್ತದೆ. ಯಾವ ಹಣ್ಣಿನಿಂದ ಎಷ್ಟು ಎಂಬ ವಿವರವೂ ಇರುತ್ತದೆ. ಬೇರೆ ಊರುಗಳಲ್ಲಿ ಆ ಪುಟವನ್ನು ಯಾರೂ ತೆರೆದು ನೋಡುವುದಿಲ್ಲ. ಅಲ್ಲಿ ಒಬ್ಬ ಕೂತಲ್ಲೇ ಡಜನ್ ಬಾಳೆಹಣ್ಣು ಮುಗಿಸುತ್ತಾನೆ, ಇನ್ನೊಬ್ಬನಿಗೆ ಹಬ್ಬಕ್ಕೂ ಒಂದು ಕಾಣುವುದಿಲ್ಲ. ನಮ್ಮೂರಿನಲ್ಲಿ ಪ್ರತಿಯೊಬ್ಬರೂ ಪುಸ್ತಕದಲ್ಲಿ ಬರೆದಷ್ಟೇ ತಿನ್ನುತ್ತೇವೆ. ಅಷ್ಟು ದೊಡ್ಡ ದೇಶದಲ್ಲಿ ಎಲ್ಲೋ ಒಂದು ಕಡೆಯಾದರೂ ಆ ಅಂಕಿ ನಿಜವಾಗಿರಬೇಕಲ್ಲ.

ಊರಿನಲ್ಲಿ ಮೂವತ್ತೊಂದು ಪಂಕ್ತಿಗಳಿವೆ, ಪಂಕ್ತಿಗೆ ನಲವತ್ತೆಂಟು ಜನ. ನಮ್ಮದು ಹುಣಸೆಮರದ ಪಂಕ್ತಿ. ಒಂದೊಂದು ಪಂಕ್ತಿಗೂ ಒಂದು ಕಟ್ಟೆ, ಒಂದು ಹಿತ್ತಾಳೆ ತಕ್ಕಡಿ, ಒಬ್ಬ ಹೋಳುಗಾರ. ಲೆಕ್ಕ ತಪ್ಪಿದರೆ ಎಡಗಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ. ತಪ್ಪು ಮಾಡಿದವರದ್ದು ಮಾತ್ರವಾಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಪಂಕ್ತಿಯ ನಲವತ್ತೆಂಟು ಜನರದ್ದೂ ಒಂದೇ ಸಲಕ್ಕೆ ಹುರಿಗೊಂಡು ಕಲ್ಲಾಗುತ್ತದೆ. ಹಿಂದೊಮ್ಮೆ ನಮ್ಮ ಪಂಕ್ತಿಯ ಮದುಮಗನೊಬ್ಬ ಬೀಗರು ತಂದಿದ್ದ ಬಾಳೆಹಣ್ಣೊಂದರಲ್ಲಿ ಅರ್ಧ ಮುರಿದು ಕದ್ದು ನುಂಗಿ ಹಸೆಮಣೆ ಏರಿದ. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ನಮ್ಮ ಪಂಕ್ತಿಯವರೇ ಆದ ಪುರೋಹಿತರು "ಅಯ್ಯಯ್ಯೋ" ಎಂದು ಕಾಲು ಹಿಡಿದು ಕೂತರು. ಗಟ್ಟಿಮೇಳ ನಡುವೆಯೇ ಎಲ್ಲಿಗೋ ಹಾರಿ ಹೋಯಿತು. ನಮ್ಮ ಕಡೆಯವರೆಲ್ಲ ಅಕ್ಷತೆಯನ್ನು ತಮ್ಮ ತಮ್ಮ ಮಡಿಲಿಗೇ ಹಾಕಿಕೊಂಡು ಕಾಲು ತಿಕ್ಕಿಕೊಳ್ಳುತ್ತಿದ್ದೆವು. ಹೆಣ್ಣಿನ ಕಡೆಯವರು ಇದು ನಮ್ಮೂರಿನ ಶಾಸ್ತ್ರವೇ ಇರಬೇಕು ಎಂದುಕೊಂಡು ತಾವೂ ಕೂತು ತಿಕ್ಕಿಕೊಂಡರು. ಒಳ್ಳೆಯ ಜನ.

ಹೆಚ್ಚಾದರೆ ಹೇಗೋ, ಕಡಿಮೆಯಾದರೂ ಹಾಗೆಯೇ. ಆದ್ದರಿಂದ ನಮ್ಮಲ್ಲಿ ಕಾಲು ಹಿಡಿದರೆ ಯಾರೂ ಮೊದಲು ಬೈಯುವುದಿಲ್ಲ. "ಯಾರಿಗೆ ಹುಷಾರಿಲ್ಲ?" ಎಂದು ಕೇಳುತ್ತಾರೆ. ಜ್ವರ ಬಂದು ಬಾಯಿ ಕಹಿಯಾಗಿ ಎಲೆಯನ್ನು ಹಾಗೇ ಬಿಟ್ಟವರ ಮನೆಗೆ ಕುಂಟುತ್ತಾ ಹೋಗಿ, ಹಣ್ಣನ್ನು ಕಿವುಚಿ, ಒಂದೊಂದೇ ಚಮಚ ತಿನ್ನಿಸಿ ಬರುತ್ತಾರೆ. ಅವರವರ ಪಾಲು ಅವರವರ ಬಾಯಿಗೇ ಹೋಗಬೇಕು ಎಂಬುದು ನಿಯಮ. ನನ್ನ ಯಜಮಾನರ ಕೊನೆಯ ಕಾಯಿಲೆಯಲ್ಲಿ ಏಳು ವಾರ ಬೇರೆ ಬೇರೆ ಮನೆಯವರು ಬಂದು ಅವರಿಗೆ ಹಣ್ಣು ತಿನ್ನಿಸಿದರು. ನನಗೆ ಅಳಲು ಪುರುಸೊತ್ತು ಸಿಕ್ಕಿದ್ದೇ ಅದರಿಂದ.

ಓದಿದವಳೆಂದು ನನಗೆ ಹಲಗೆ ಬರೆಯುವ ಕೆಲಸ ಕೊಟ್ಟಿದ್ದರು. ಕಟ್ಟೆಯ ಕಂಬಕ್ಕೆ ತೂಗುಹಾಕಿದ ಕರಿಹಲಗೆಯ ಮೇಲೆ ದಿನಾ ಬೆಳಿಗ್ಗೆ ಅವತ್ತಿನ ಹಣ್ಣುಗಳ ಹೆಸರು, ಮಿಲಿಗ್ರಾಂ, 'ಅವರವರ ಪಾಲು ಅವರವರ ಬಾಯಿಗೆ' ಎಂಬ ನಿಯಮ, ಕೆಳಗೆ 'ಚೆನ್ನಾಗಿ ಅಗಿಯಿರಿ' ಎಂದು ಬರೆಯುತ್ತೇನೆ. ಕೊನೆಯ ಸಾಲು ಪುಸ್ತಕದಲ್ಲಿಲ್ಲ, ನನ್ನದು. ಐವತ್ತೊಂದು ವರ್ಷದಿಂದ ಬರೆಯುತ್ತಿದ್ದೇನೆ.

ನಮ್ಮ ಪಂಕ್ತಿಯ ಹೋಳುಗಾರ ಬೋರಲಿಂಗು. ಬಾಗಿಲಿಗೆ ಬಗ್ಗಿ ಬರಬೇಕಾದಷ್ಟು ಎತ್ತರದ ಆಳು, ಕೈ ಮಾತ್ರ ಅಕ್ಕಸಾಲಿಗನದ್ದು. ಒಂದು ಬಾಳೆಹಣ್ಣನ್ನು ದಾರದಿಂದ ಕತ್ತರಿಸಿ ತಕ್ಕಡಿಗೆ ಹಾಕಿದರೆ ಮುಳ್ಳು ಅಲುಗುವುದಿಲ್ಲ. ಅವನಿಗೆ ಈ ಲೋಕದಲ್ಲಿ ಇದ್ದ ಒಬ್ಬನೇ ವೈರಿ ಸೀತಾಫಲ. ಅದನ್ನು ಕತ್ತರಿಸಲು ಬರುವುದಿಲ್ಲ, ಸೀಳಲು ಬರುವುದಿಲ್ಲ, ಮುಟ್ಟಿದರೆ ಮುದ್ದೆಯಾಗುತ್ತದೆ. ಪುಸ್ತಕದ ಪ್ರಕಾರ ಸೀತಾಫಲದ ಕಾಲದಲ್ಲಿ ಒಬ್ಬರಿಗೆ ಬರುವುದು ಒಂದು ತೊಳೆ, ಅಂದರೆ ಒಂದು ಬೀಜ ಮತ್ತು ಅದನ್ನು ಸುತ್ತಿಕೊಂಡಿರುವ ಬಿಳಿ ತಿರುಳು. ಪಂಕ್ತಿಗೆ ಒಂದು ಹಣ್ಣು. ಬೋರಲಿಂಗು ಸಿಪ್ಪೆಯ ಮೇಲಿನ ಕಣ್ಣುಗಳನ್ನು ಎಣಿಸಿ ಒಳಗೆ ಎಷ್ಟು ತೊಳೆ ಇದೆ ಎಂದು ಹೇಳುವುದನ್ನು ಕಲಿತಿದ್ದ. ನಲವತ್ತೆಂಟು ಕಣ್ಣಿನ ಹಣ್ಣು ಸಿಕ್ಕ ದಿನ ಹೆಂಡತಿಗೆ ಹೂವು ಕೊಂಡೊಯ್ಯುತ್ತಿದ್ದ.

ಹೆಂಡತಿ ಕುಮುದ ನಮ್ಮೂರಿನಲ್ಲೇ ಬೇರೆ ಪಂಕ್ತಿಯಲ್ಲಿ ಹುಟ್ಟಿದವಳು, ಈಗ ನಮ್ಮ ಎದುರು ಮನೆಯವಳು. ಮದುವೆಯಾಗಿ ನಾಲ್ಕು ವರ್ಷಕ್ಕೆ ಬಸುರಾದಳು. ಎಂಟು ತಿಂಗಳು ತುಂಬುವ ಹೊತ್ತಿಗೆ ಮಧ್ಯಾಹ್ನವೆಲ್ಲ ನಮ್ಮ ಜಗಲಿಗೆ ಬಂದು, ಕಾಲು ನೀಡಿ ಕೂತು, ಮೊರದಲ್ಲಿ ನನ್ನ ರಾಗಿಯ ಕಲ್ಲು ಆರಿಸಿಕೊಡುತ್ತಿದ್ದಳು. ನನ್ನ ಕಣ್ಣಿಗೆ ಈಗ ಕಲ್ಲೂ ರಾಗಿಯೂ ಒಂದೇ. ಅದನ್ನು ಅವಳು ಎಂದೂ ಬಾಯಿಬಿಟ್ಟು ಹೇಳಲಿಲ್ಲ. "ಸುಮ್ನೆ ಕೂತ್ರೆ ನಿದ್ದೆ ಬರುತ್ತೆ ದೊಡ್ಡಮ್ಮ, ಕೊಡಿ ಇಲ್ಲಿ" ಎನ್ನುತ್ತಿದ್ದಳು.

ಒಂದು ದಿನ ಕೇಳಿದಳು, "ದೊಡ್ಡಮ್ಮ, ನೀವು ಹೊರಗಿಂದ ಬಂದೋರಲ್ವಾ? ಇಡೀ ಸೀತಾಫಲ ತಿಂದಿದ್ದೀರಾ?"

"ತಿಂದಿದ್ದೀನಿ."

"ಒಬ್ಬರೇ?"

"ಒಬ್ಬಳೇ."

ಮಾತು ಅಷ್ಟಕ್ಕೇ ನಿಲ್ಲಬೇಕಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾನೇ ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಆದರೆ ಮಧ್ಯಾಹ್ನದ ಹೊತ್ತು, ಕೇಳುವವಳು ಅವಳು, ಹೇಳಿಬಿಟ್ಟೆ. ನಮ್ಮಜ್ಜಿಯ ಹಿತ್ತಲ ಗೋಡೆಯ ಮೇಲೆ ಕೂತು, ಕಳಿತ ಹಣ್ಣನ್ನು ಎರಡು ಹೆಬ್ಬೆಟ್ಟಿನಿಂದ ಒತ್ತಿದರೆ ಅದು ತನಗೆ ತಾನೇ ಬಾಯಿ ಬಿಡುತ್ತಿದ್ದುದು. ಒಳಗಿನ ಬಿಳುಪು, ತಣ್ಣಗಿನ ಪರಿಮಳ. ಮುಖವನ್ನೇ ಒಳಗಿಟ್ಟು ತಿನ್ನುವಾಗ ಮೂಗಿನ ತುದಿಗೆಲ್ಲ ಮೆತ್ತಿಕೊಳ್ಳುತ್ತಿದ್ದುದು. ಒಂದು ತೊಳೆ ಇನ್ನೂ ಬಾಯಲ್ಲಿರುವಾಗಲೇ ಇನ್ನೊಂದು ತೊಳೆ ಇದೆ ಎಂದು ಗೊತ್ತಿರುವ ಸುಖ.

ಕುಮುದ ಕಲ್ಲು ಆರಿಸುವುದನ್ನು ನಿಲ್ಲಿಸಿದ್ದಳು.

"ಒಂದು ಬಾಯಲ್ಲಿರುವಾಗಲೇ ಇನ್ನೊಂದು," ಎಂದು ನಿಧಾನವಾಗಿ ಹೇಳಿದಳು.

ಹತ್ತು ದಿನ ಕಳೆದ ಮೇಲೆ ಬೋರಲಿಂಗು ನಮ್ಮ ಬಾಗಿಲಿಗೆ ಬಂದ. ತಲೆ ಬಗ್ಗಿಸುವುದನ್ನು ಮರೆತು ಹಣೆ ಬಡಿಸಿಕೊಂಡ.

"ದೊಡ್ಡಮ್ಮ, ಇವಳ ತಲೇಲಿ ಏನು ತುಂಬಿದ್ರಿ?"

"ಯಾಕಪ್ಪ, ಏನಾಯ್ತು?"

"ಏನಾಗೋದು? ಮುದ್ದೆ ಮುಂದಿಟ್ರೆ ಎರಡು ಹೆಬ್ಬೆಟ್ಟಲ್ಲಿ ಒತ್ತಿ ಒಡೀತಾಳೆ. ಒಳಗೆ ನೋಡ್ತಾಳೆ. ಆಮೇಲೆ ಅಳ್ತಾಳೆ. ಊಟ ಬಿಟ್ಟು ಎಂಟು ದಿನ ಆಯ್ತು. ಪಂಕ್ತಿ ಹಣ್ಣು ಮಾತ್ರ ನಿಮ್ಮೆಲ್ಲರ ಕಾಲಿಗೆ ಹೆದರಿ ತಿಂತಾಳೆ. ಆ ಒಂದು ತೊಳೇನ ಬಾಯಲ್ಲಿಟ್ಕೊಂಡು ಮಧ್ಯಾಹ್ನದವರೆಗೂ ನುಂಗಲ್ಲ."

ಅವನು ಒಂದು ಸಲ ಗುಡ್ಡಕ್ಕೆ ಹೋಗಿ ಕಾಡುಗಿಡದಿಂದ ಒಂದು ಹಣ್ಣು ಕಿತ್ತು, ಪಂಚೆಯಲ್ಲಿ ಮುಚ್ಚಿಕೊಂಡು ತಂದಿದ್ದನಂತೆ. ಕುಮುದ ಅದನ್ನು ಮೂಸಿಯೂ ನೋಡದೆ ಹೊರಗಿಡಿಸಿದಳಂತೆ. "ನನ್ನ ನಾಲಗೆಗೋಸ್ಕರ ನಲವತ್ತೇಳು ಜನದ ಕಾಲು ಹಿಡಿಸಲಾ? ದೊಡ್ಡಮ್ಮನಿಗೆ ಎಪ್ಪತ್ನಾಲ್ಕು ವರ್ಷ" ಎಂದಳಂತೆ. ಅವನು ಅದೇ ಹಣ್ಣನ್ನು ವಾಪಸು ಗುಡ್ಡಕ್ಕೆ ಹೊತ್ತು, ಅದೇ ಗಿಡದ ಕೆಳಗೆ ಇಟ್ಟು ಬಂದನಂತೆ. ಬೇರೆ ಯಾರ ಕೈಗಾದರೂ ಸಿಕ್ಕೀತು ಎಂದು ಮೇಲೆ ಮುಳ್ಳು ಮುಚ್ಚಿಯೂ ಬಂದಿದ್ದ.

ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎನ್ನುತ್ತಾರೆ. ನಾನು ಅದನ್ನು ನಂಬುವವಳಲ್ಲ. ಆದರೆ ಎಂಟು ತಿಂಗಳ ಬಸುರಿ ಊಟ ಬಿಟ್ಟರೆ ಏನಾಗುತ್ತದೆ ಎಂದು ತಿಳಿಯಲು ನಂಬಿಕೆ ಬೇಕಿಲ್ಲ. ದಾದಿ ಬಂದು ತೂಕ ನೋಡಿ, ಕುಮುದಳ ತಲೆ ಸವರಿ ಹೋಗಿದ್ದಳು. ದಾದಿಯರು ತಲೆ ಸವರಿದರೆ ನನಗೆ ಭಯವಾಗುತ್ತದೆ. ಸೀತಾಫಲದ ಕಾಲ ಬೇರೆ ಮುಗಿಯುತ್ತಾ ಬಂದಿತ್ತು. ಶುಕ್ರವಾರ ಬರುವ ಬುಟ್ಟಿಯೇ ಆ ವರ್ಷದ ಕೊನೆಯದು. ಮೂವತ್ತೊಂದು ಹಣ್ಣು, ಪಂಕ್ತಿಗೊಂದು.

ಅವತ್ತೆಲ್ಲ ನಾನು ಹಲಗೆಯ ಮುಂದೆ ಕೂತು ಯೋಚಿಸಿದೆ. ಯೋಚಿಸುವುದಕ್ಕೆ ನಿಜವಾಗಿ ಏನೂ ಇರಲಿಲ್ಲ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಮೊದಲನೆಯ ಪಾಠದಲ್ಲೇ ಅದನ್ನು ಹೇಳಿಕೊಟ್ಟಿದ್ದರು. ಎಲ್ಲರದ್ದನ್ನೂ ಕೂಡಿಸಿ ಜನರ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ. ಯಾರು ಎಷ್ಟು ತಿಂದರು ಎಂದು ಸರಾಸರಿ ಕೇಳುವುದಿಲ್ಲ. ನಲವತ್ತೇಳು ಜನ ಒಂದು ದಿನ ತಮ್ಮ ತೊಳೆ ಬಿಟ್ಟು, ನಲವತ್ತೆಂಟನೆಯವಳು ಇಡೀ ಹಣ್ಣು ತಿಂದರೂ ಪಂಕ್ತಿಯ ಅಂಕಿ ಒಂದು ಕೂದಲೆಳೆಯೂ ಅಲುಗದು. ಇದು ನನಗೆ ಅತ್ತೆ ಎಲೆಯ ಮುಂದೆ ಕೂರಿಸಿದ ಮೊದಲ ದಿನದಿಂದಲೂ ಗೊತ್ತಿತ್ತು. ಏಕೆ ಹೇಳಲಿಲ್ಲ ಎಂದರೆ, ಆ ಬೆಳಿಗ್ಗೆ ಎದುರು ಸಾಲಿನಲ್ಲಿ ಊರ ಜಮೀನ್ದಾರರೂ ಅವರ ಕೊಟ್ಟಿಗೆ ಬಳಿಯುವ ಹೆಂಗಸೂ ಅಕ್ಕಪಕ್ಕ ಕೂತು ಒಂದೇ ಅಳತೆಯ ಬಾಳೆಹಣ್ಣನ್ನು ಒಂದೇ ಗಾಂಭೀರ್ಯದಿಂದ ಅಗಿಯುತ್ತಿದ್ದರು. ನನಗೆ ಅದು ಇಷ್ಟವಾಯಿತು. ಲೆಕ್ಕ ಹೇಳಿಕೊಟ್ಟರೆ ನಾಳೆ ಜಮೀನ್ದಾರರು ಅವಳ ಪಾಲನ್ನೂ ತಾವೇ ತಿನ್ನುತ್ತಾರೆ, ಅಂಕಿ ಸರಿಯಾಗಿಯೇ ಇರುತ್ತದೆ ಎಂದು ಹೆದರಿ ಸುಮ್ಮನಾದೆ. ಐವತ್ತೊಂದು ವರ್ಷ ಸುಮ್ಮನಿದ್ದೆ.

ಬುಧವಾರ ಲೆಕ್ಕದ ತಪಾಸಣೆಗೆ ಸರಾಸರಿ ಸಾಹೇಬರು ಬಂದರು. ಅವರ ಹೆಸರು ವೀರರಾಘವಯ್ಯ. ತಿಂಗಳಿಗೊಮ್ಮೆ ಬಂದು, ಕಟ್ಟೆಯ ಮೇಲೆ ಎಲ್ಲರನ್ನೂ ಸಾಲಾಗಿ ಕೂರಿಸಿ, ಒಬ್ಬೊಬ್ಬರ ಎಡ ಮೀನಖಂಡವನ್ನು ಹೆಬ್ಬೆಟ್ಟಿನಿಂದ ಒತ್ತಿ ನೋಡಿ, 'ಮೃದು' ಎಂದು ಬರೆದುಕೊಳ್ಳುತ್ತಾರೆ. ಚಳಿಗಾಲದಲ್ಲಿ ಮುದುಕರ ಕಾಲು ಮುಟ್ಟುವ ಮೊದಲು ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಾರೆ. ಹಾಗೆ ಮಾಡಬೇಕೆಂದು ಯಾವ ನಿಯಮದಲ್ಲೂ ಇಲ್ಲ.

ನನ್ನ ಕಾಲು ಒತ್ತುತ್ತಿದ್ದಾಗ ವಿಷಯ ಹೇಳಿದೆ. ಅವರು ಒತ್ತುವುದನ್ನು ಬಿಟ್ಟು ಕನ್ನಡಕ ತೆಗೆದರು.

"ವನಜಮ್ಮನವರೇ, ನೀವು ಓದಿದವರು. ಅವರವರ ಪಾಲು ಅವರವರ ಬಾಯಿಗೆ. ನೀವೇ ಎಷ್ಟು ಸಲ ಹಲಗೆ ಮೇಲೆ ಬರೆದಿದ್ದೀರಿ."

"ಬರೆದಿದ್ದೀನಿ ಸಾರ್. ತಪ್ಪು ಬರೆದಿದ್ದೀನಿ."

"ಲೆಕ್ಕ ನಂಗೂ ಬರುತ್ತೆ ಕಣಮ್ಮ," ಎಂದರು ದನಿ ತಗ್ಗಿಸಿ. "ಆದ್ರೆ ಕಾಲಿಗೆ ಲೆಕ್ಕ ಬರುತ್ತಾ? ಅದು ಹೇಳಿ. ಒಬ್ಬರ ಪಾಲು ಇನ್ನೊಬ್ಬರು ತಿಂದೂ ಕಾಲು ಹಿಡೀಲಿಲ್ಲ ಅನ್ನೋಕೆ ಒಂದೇ ಒಂದು ಉದಾಹರಣೆ ಕೊಡಿ. ಕೊಟ್ಟರೆ, ಮತ್ತೆ ನಲವತ್ತೇಳು ಜನಾನೂ ಒಪ್ಪಿದ್ರೆ, ಶುಕ್ರವಾರ ನಾನೇ ಬಂದು ನಿಲ್ತೀನಿ. ಒಬ್ಬರು ಬೇಡ ಅಂದ್ರೂ ಇಲ್ಲ. ಕಾಲು ಅವರದ್ದು."

ಉದಾಹರಣೆ ಇತ್ತು. ಅದನ್ನು ಹೇಳುವುದು ಹೇಗೆ ಎಂಬುದೇ ಕಷ್ಟವಾಗಿತ್ತು.

ಪಂಕ್ತಿಯಲ್ಲಿ ಕುಮುದಳ ಪಕ್ಕದ ಎಲೆ ಚನ್ನಕೇಶವಯ್ಯನವರದ್ದು. ನನಗಿಂತ ಆರು ವರ್ಷ ದೊಡ್ಡವರು. ಮೂವತ್ತೊಂದು ವರ್ಷ ಒಂದು ಚೂರೂ ಹೆಚ್ಚುಕಡಿಮೆಯಾಗದಂತೆ ತಿಂದದ್ದಕ್ಕೆ ಅವರಿಗೆ ರಾಜಧಾನಿಯಿಂದ ಒಂದು ಪದಕ ಬಂದಿದೆ. ಅದರ ಮೇಲೆ 'ಸರಾಸರಿ ಪುರುಷ' ಎಂದು ಕೆತ್ತಿದ್ದಾರೆ. ಕನ್ನಡಿಯ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾರೆ. ಅವರಿಗೆ ಹಲ್ಲಿಲ್ಲ. ಸೀಬೆಯ ಬೀಜ ಅಗಿಯಲಾಗದೆ ಒಸಡಿನಲ್ಲಿ ಸಿಕ್ಕಿಕೊಂಡು ರಕ್ತ ಬರುತ್ತಿತ್ತು. ಕುಮುದ ಮದುವೆಯಾಗಿ ಬಂದ ವಾರದಲ್ಲೇ ಅದನ್ನು ಗಮನಿಸಿದಳು. ಅಂದಿನಿಂದ ಅವರು ನೀರಿನ ಚೊಂಬಿಗೆ ಕೈ ಚಾಚಿದ ಕ್ಷಣದಲ್ಲಿ ಅವರ ಸೀಬೆಯ ಬೀಜದ ಭಾಗವನ್ನು ಉಗುರಿನಿಂದ ಕೆರೆದು ತನ್ನ ಬಾಯಿಗೆ ಹಾಕಿಕೊಂಡು, ಏನೂ ಆಗದವಳಂತೆ ಆಕಾಶ ನೋಡುತ್ತಾಳೆ. ನಾಲ್ಕು ವರ್ಷದಿಂದ ಸೀಬೆ ಬಂದ ದಿನವೆಲ್ಲ ಅವಳದ್ದು ಇಷ್ಟು ಹೆಚ್ಚು, ಅವರದ್ದು ಅಷ್ಟೇ ಕಡಿಮೆ. ಒಬ್ಬರ ಕಾಲೂ ಹಿಡಿದಿರಲಿಲ್ಲ. ನೋಡಿದವಳು ನಾನೊಬ್ಬಳೇ, ನನ್ನ ಎಲೆ ಎದುರು ಸಾಲಿನಲ್ಲಿದೆ. ಇದನ್ನು ಸಾಹೇಬರಿಗೆ ಹೇಳಿದರೆ ಪದಕ ಸುಳ್ಳಾಗುತ್ತದೆ. ಎಂಬತ್ತರ ಮುದುಕನಿಗೆ ಉಳಿದಿದ್ದೇ ಅದೊಂದು.

ಮೊದಲು ಉಳಿದವರನ್ನು ಕೇಳಿ ಬರೋಣ ಎಂದು ಗುರುವಾರ ಬೆಳಿಗ್ಗೆ ಹೊರಟೆ. ಬೋರಲಿಂಗು ಕೊಡೆ ಹಿಡಿದು ಹಿಂದೆ ಬಂದ, ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ. ದರ್ಜಿ ಹುಸೇನ್ ಸಾಹೇಬರು ಹೊಲಿಗೆಯಂತ್ರದಿಂದ ಕಾಲು ತೆಗೆಯದೆ, "ನನ್ನ ತೊಳೆ ತಗೊಳ್ಳಿ ಅಮ್ಮ. ಕಾಲು ಹಿಡಿದ್ರೆ ಬಲಗಾಲಲ್ಲಿ ತುಳೀತೀನಿ" ಎಂದರು. ಹೂ ಕಟ್ಟುವ ಮಾದೇವಿ, "ಅಯ್ಯೋ, ನನಗಾ ಸೀತಾಫಲ ಮೊದಲಿಂದ ಸೇರಲ್ಲ, ಲೋಳೆ ಲೋಳೆ. ದೇಶಕ್ಕೋಸ್ಕರ ನುಂಗ್ತಿದ್ದೆ" ಎಂದಳು. ಹೀಗೆ ಹೀಗೆ ಸಂಜೆಯೊಳಗೆ ನಲವತ್ತಾರು ಜನ ಒಪ್ಪಿದರು. ಅದರಲ್ಲಿ ನಾನೂ ಬೋರಲಿಂಗುವೂ ಸೇರಿದ್ದೆವು.

ಚನ್ನಕೇಶವಯ್ಯನವರು ಮಾತ್ರ ಕುರ್ಚಿಯಿಂದ ಏಳಲೇ ಇಲ್ಲ.

"ಆಗೋದಿಲ್ಲ ವನಜಮ್ಮ. ಆ ಹುಡುಗಿ ಮೇಲೆ ನನಗೆ ಕೋಪ ಇಲ್ಲ. ಆದ್ರೆ ನಾನು ನನ್ನ ಪಾಲು ಬಿಟ್ಟೋನಲ್ಲ. ಮೂವತ್ತೊಂದು ವರ್ಷ ಆದ ಮೇಲೂ ನಾಲ್ಕು ವರ್ಷ ಆಯ್ತು, ಒಂದು ದಿನ ತಪ್ಪಿಲ್ಲ."

ಬೋರಲಿಂಗು ಬಾಗಿಲಾಚೆ ನಿಂತಿದ್ದ. ಕೊಡೆಯ ತುದಿ ನೆಲಕ್ಕೆ ತಾಗಿ ಟಕಟಕ ಎನ್ನುತ್ತಿತ್ತು.  ಅವನನ್ನು ಮನೆಗೆ ಕಳಿಸಿ, ಚನ್ನಕೇಶವಯ್ಯನವರ ಪಕ್ಕದ ಮಣೆಯ ಮೇಲೆ ಕೂತೆ.

"ಕೇಶವಯ್ಯನವರೇ, ಒಂದು ಮಾತು ಹೇಳಬೇಕು. ಹೇಳೋಕೆ ಮನಸ್ಸಿಲ್ಲ. ಸೀಬೆಹಣ್ಣಿನ ವಿಷಯ."

ಅವರು ಪದಕದ ಕಡೆ ನೋಡಿದರು. ಆಮೇಲೆ ನನ್ನ ಕಡೆ.

"ಬೀಜದ ವಿಷಯವಾ?"

ಹೌದೆಂದು ತಲೆಯಾಡಿಸಿದೆ.

"ನಾನೇನು ಕುರುಡನಾ? ಹಲ್ಲು ಹೋದ್ರೆ ನಾಲಗೇನೂ ಹೋಗುತ್ತಾ? ಬೀಜ ಇಲ್ಲದ ಸೀಬೆ ಯಾವ ಮರದಲ್ಲಿ ಬಿಡುತ್ತೆ?" ಎಂದರು. "ಮೊದಲನೇ ದಿನಾನೇ ಗೊತ್ತಾಯ್ತು. ಮಾರನೇ ದಿನ ಬೇಕಂತಲೇ ಚೊಂಬಿನ ಕಡೆ ತಿರುಗಿದೆ."

"ಹಾಗಾದ್ರೆ ನೀರು ಕುಡೀತಿದ್ದದ್ದು..."

"ಯಾರಿಗೆ ಬೇಕು ಬೆಳಿಗ್ಗೆ ಏಳು ಗಂಟೆಗೆ ಅಷ್ಟು ನೀರು?"

"ಮತ್ತೆ ಯಾಕೆ ಸುಮ್ಮನಿದ್ರಿ?"

"ನೀವು ಯಾಕೆ ಸುಮ್ಮನಿದ್ರಿ?"

 ಹೊರಗೆ ಯಾರೋ ಹಸುವನ್ನು ಹೊಡೆದುಕೊಂಡು ಹೋದರು. ಕೇಶವಯ್ಯನವರು ಎದ್ದು, ಕುರ್ಚಿಯ ಮೇಲೆ ಹತ್ತಲು ಹೋದರು. ನಾನು ಗಾಬರಿಯಾಗಿ ಕುರ್ಚಿಯ ಕಾಲು ಹಿಡಿದುಕೊಂಡೆ. ಎಪ್ಪತ್ನಾಲ್ಕರವಳು ಹಿಡಿದುಕೊಂಡ ಕುರ್ಚಿಯ ಮೇಲೆ ಎಂಬತ್ತರವರು ನಿಂತು ಪದಕ ಇಳಿಸುವುದನ್ನು ಯಾರೂ ನೋಡಲಿಲ್ಲ, ಪುಣ್ಯ.

ಸಾಹೇಬರು ಛತ್ರದಲ್ಲಿ ಉಳಿದುಕೊಂಡಿದ್ದರು. ಚನ್ನಕೇಶವಯ್ಯನವರು ಅವರ ಮುಂದೆ ಚೌಕಟ್ಟು ಇಟ್ಟು, ಕೈಕಟ್ಟಿ ನಿಂತು, ಎಲ್ಲವನ್ನೂ ಹೇಳಿದರು. "ಉದಾಹರಣೆ ಬೇಕು ಅಂದ್ರಂತೆ. ನಾನೇ ಉದಾಹರಣೆ. ನಾಲ್ಕು ವರ್ಷದಿಂದ ನಾನು ಕಡಿಮೆ, ಅವಳು ಹೆಚ್ಚು. ಕಾಲು ಹಿಡಿದಿಲ್ಲ. ಪದಕ ವಾಪಸ್ ತಗೊಳ್ಳಿ."

 ವೀರರಾಘವಯ್ಯ ತಮ್ಮ ಚೀಲ ಬಿಚ್ಚಿ, ಒಳಗಿದ್ದ ಕಾಗದಗಳನ್ನೆಲ್ಲ ಒಂದೊಂದಾಗಿ ತೆಗೆದು, ತಿರುಗಿಸಿ, ಮತ್ತೆ ಒಳಗಿಟ್ಟರು.

"ಪದಕ ಕೊಡೋ ನಮೂನೆ ಇದೆ. ವಾಪಸ್ ತಗೊಳ್ಳೋ ನಮೂನೆ ನನ್ನ ಹತ್ರ ಇಲ್ಲ ಸ್ವಾಮಿ," ಎಂದರು. "ಅಲ್ಲದೆ ಇದು ಮೊದಲಿನ ಮೂವತ್ತೊಂದು ವರ್ಷದ್ದು. ಆಗ ಹಲ್ಲಿತ್ತಲ್ಲ? ಮನೆಗೆ ತಗೊಂಡು ಹೋಗಿ. ವನಜಮ್ಮನವರೇ, ಶುಕ್ರವಾರ ಏಳಕ್ಕೆ."

ಶುಕ್ರವಾರ ನಾನು ಆರು ಗಂಟೆಗೇ ಹಲಗೆ ಬರೆದೆ. ಬಾಳೆ, ಸೇಬು, ಕಿತ್ತಳೆ, ಖರ್ಜೂರ ಎಂದಿನಂತೆ ಎಲ್ಲರಿಗೂ. ಸೀತಾಫಲದ ಮುಂದೆ ಏನು ಬರೆಯಬೇಕೋ ತಿಳಿಯದೆ 'ಕುಮುದ' ಎಂದು ಬರೆದೆ. ಬುಟ್ಟಿ ಬಂತು. ಬೋರಲಿಂಗು ಮೂರು ಸಲ ಕಣ್ಣು ಎಣಿಸಿ ಒಂದನ್ನು ಆರಿಸಿದ. ನಲವತ್ತೆಂಟೇ. ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡು ಬಂದವನು ಎಲೆಯ ಮುಂದೆ ನಿಂತುಬಿಟ್ಟ. ಹೋಳನ್ನು ಬಡಿಸಿ ಗೊತ್ತಿತ್ತೇ ಹೊರತು ಇಡೀ ಹಣ್ಣನ್ನು ಹೇಗೆ ಬಡಿಸುವುದು ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಕೊನೆಗೆ ಎರಡೂ ಕೈಯಲ್ಲಿ ಅದನ್ನು ಅವಳ ಎಲೆಯ ನಡುವೆ ಇಟ್ಟು, ಉರುಳದಂತೆ ಒಂದು ಕಿತ್ತಳೆ ಸಿಪ್ಪೆಯನ್ನು ಒತ್ತಾಗಿ ಕೊಟ್ಟ. ಮಾದೇವಿ ಬೀಜ ಹಾಕಲು ಒಂದು ಸ್ಟೀಲ್ ತಟ್ಟೆ ತಂದು ಪಕ್ಕದಲ್ಲಿಟ್ಟಳು. ಉಳಿದ ಪಂಕ್ತಿಗಳವರೂ ತಮ್ಮ ತಮ್ಮ ಪಾಲು ಬೇಗ ಬೇಗ ನುಂಗಿ ನಮ್ಮ ಕಟ್ಟೆಯ ಸುತ್ತ ಬಂದು ಸೇರಿದರು. ಒಬ್ಬ ಮನುಷ್ಯ ಒಂದು ಇಡೀ ಹಣ್ಣು ತಿನ್ನುವುದನ್ನು ಯಾರೂ ನೋಡಿರಲಿಲ್ಲ.

ಕುಮುದ ಹಣ್ಣನ್ನು ಕೈಗೆ ತೆಗೆದುಕೊಂಡಳು. ಅವಳ ಮಣಿಕಟ್ಟು ಬಳೆಗಳೊಳಗೆ ಎಷ್ಟು ಸಣ್ಣದಾಗಿತ್ತು ಎಂದು ಅವತ್ತು ಕಂಡಿತು. ಸುತ್ತ ನೋಡಿದಳು. ಹಣ್ಣನ್ನು ಕೆಳಗಿಟ್ಟಳು.

"ಆಗಲ್ಲ ದೊಡ್ಡಮ್ಮ," ಎಂದಳು ಅಳುವ ದನಿಯಲ್ಲಿ. "ಇಷ್ಟು ಜನ ನನ್ನ ಬಾಯೇ ನೋಡ್ತಿದ್ರೆ ಗಂಟಲಲ್ಲಿ ಇಳಿಯಲ್ಲ. ಎಲ್ಲರ ಪಾಲೂ ಕಿತ್ಕೊಂಡ ಹಾಗಾಗುತ್ತೆ. ಬೇಡ. ಹಂಚಿಬಿಡಿ."

ಬೋರಲಿಂಗು ಅಲ್ಲೇ ಕುಕ್ಕರಗಾಲಲ್ಲಿ ಕೂತ.  ಆಗ ವೀರರಾಘವಯ್ಯ ಗಂಟಲು ಸರಿಮಾಡಿಕೊಂಡು, ತಪಾಸಣೆಯ ದನಿಯಲ್ಲಿ ಕೂಗಿದರು.

"ಎಲ್ಲರೂ ಹಿಂದಕ್ಕೆ ತಿರುಗಿ!"

ಎಲ್ಲರೂ ತಿರುಗಿದೆವು. ಪಂಕ್ತಿಯವರು, ಬೇರೆ ಪಂಕ್ತಿಯವರು, ಹೆತ್ತವರ ಹೆಗಲ ಮೇಲಿದ್ದ ಮಕ್ಕಳು, ದಾದಿ. ಸಾಹೇಬರೂ ತಿರುಗಿದರು. ಇಡೀ ಊರು ಅವಳಿಗೆ ಬೆನ್ನು ಮಾಡಿ ಹುಣಸೆಮರವನ್ನು ನೋಡುತ್ತಾ ನಿಂತಿತು.

ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಹಣ್ಣು ಬಾಯಿ ಬಿಟ್ಟ ಸಣ್ಣ ಸದ್ದು. ಅದನ್ನು ನಾನು ಐವತ್ತೊಂದು ವರ್ಷದಿಂದ ಕೇಳಿರಲಿಲ್ಲ. ಪಕ್ಕ ಚನ್ನಕೇಶವಯ್ಯನವರು ಎಡ ಹಿಮ್ಮಡಿಯನ್ನು ಸ್ವಲ್ಪ ಎತ್ತಿ, ಕಾಲಿಗೇ ಕಿವಿಯಿದ್ದ ಹಾಗೆ ನಿಂತಿದ್ದರು. ನಮ್ಮ ಪಂಕ್ತಿಯವರೆಲ್ಲ ಹಾಗೆಯೇ, ಕೊಕ್ಕರೆಗಳ ಹಾಗೆ.

ಟಣ್. ತಟ್ಟೆಗೆ ಮೊದಲನೆಯ ಬೀಜ ಬಿತ್ತು.

 ನನ್ನ ಮೀನಖಂಡ ಮೃದುವಾಗಿಯೇ ಇತ್ತು. ಟಣ್. ಎರಡನೆಯದು. ಟಣ್.

"ಅದು ನಂದಿರಬೇಕು," ಎಂದು ಮಾದೇವಿ ಪಿಸುಗುಟ್ಟಿದಳು.

"ಸುಮ್ನಿರಿ ತಾಯಿ. ನಿಮ್ಮದು ಅದರ ಮುಂಚಿಂದು, ಇದು ನಂದು," ಎಂದರು ಹುಸೇನ್ ಸಾಹೇಬರು.

ಟಣ್. ಟಣ್. ಬೋರಲಿಂಗು ಬೆರಳು ಮಡಿಸಿ ಎಣಿಸುತ್ತಿದ್ದ. ಹತ್ತು ದಾಟಿತು. ಹದಿನೈದು. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಎಣಿಕೆ ತಪ್ಪೀತೆಂದು ಒರೆಸಿಕೊಳ್ಳಲೂ ಇಲ್ಲ. ಚನ್ನಕೇಶವಯ್ಯನವರು ಮೆಲ್ಲಗೆ ಹಿಮ್ಮಡಿಯನ್ನು ನೆಲಕ್ಕಿಟ್ಟರು. ಒಬ್ಬೊಬ್ಬರಾಗಿ ಎಲ್ಲರೂ ಇಟ್ಟರು. ಇಪ್ಪತ್ತರ ಹತ್ತಿರ ಬರುವಾಗ ಸದ್ದು ನಿಂತುಹೋಯಿತು. ನಾವು ಕಾದೆವು. ತಿರುಗಿ ನೋಡಬೇಕೆಂದು ಕುತ್ತಿಗೆ ತುರಿಸುತ್ತಿತ್ತು, ಯಾರೂ ತಿರುಗಲಿಲ್ಲ.

"ಮುಗೀತೇನಮ್ಮ?" ಎಂದು ಸಾಹೇಬರು ಮರಕ್ಕೆ ಮುಖ ಮಾಡಿಯೇ ಕೇಳಿದರು.

ಬಾಯಿ ತುಂಬಿದ ದನಿ ಬಂತು.

"ಇಲ್ಲ ಸಾರ್. ಇನ್ನೂ ಇದೆ."

"ನಿಧಾನ ತಾಯಿ, ನಿಧಾನ," ಎಂದರು ವೀರರಾಘವಯ್ಯ. "ನಮಗೇನೂ ಅವಸರವಿಲ್ಲ."